ಅಪ್ಪ ಕಂಡುಹಿಡಿದ ನಡುಗಡ್ಡೆ

ನಾನು ಚಿಕ್ಕವನಿದ್ದಾಗ ನಮ್ಮ ಅಪ್ಪ ಒಂದು ನಡುಗಡ್ಡೆಯನ್ನು ಕಂಡುಹಿಡಿದ. ಅದು ನಡುಗಡ್ಡೆಯೇ ಅಲ್ಲ ಎಂದು ಗೊತ್ತಾಗುವ ಹೊತ್ತಿಗೆ ಅಪ್ಪ, ಅಕ್ಕ, ನಾನು ಮೂವರೂ ಅದರೊಳಗೆ ಸಿಕ್ಕಿಹಾಕಿಕೊಂಡಿದ್ದೆವು. ದಡದಲ್ಲಿ ಅಪ್ಪನ ಬ್ಯಾಂಕಿನ ಅಷ್ಟೂ ಮನೆಯವರು ಊಟದ ಎಲೆ ಹಾಕಿಕೊಂಡು ನಮಗಾಗಿ ಕಾಯುತ್ತಿದ್ದರು. ಅಕ್ಕನನ್ನು ಕರೆದೊಯ್ಯಬೇಕಾಗಿದ್ದ ರೈಲಿನ ಹೊತ್ತು ಹತ್ತಿರವಾಗುತ್ತಿತ್ತು.

ಇದನ್ನು ನಾನು ಮೊಮ್ಮಕ್ಕಳಾದ ನಿಮಗೆ ಹಿಂದೆಯೂ ಬಾಯಿಮಾತಿನಲ್ಲಿ ಹೇಳಿದ್ದೇನೆ. ಹೇಳಿದಾಗಲೆಲ್ಲ ಇನ್ನಷ್ಟು ನುಣುಪಾಗಿದೆ, ಹೊಳೆಯ ಕಲ್ಲಿನ ಹಾಗೆ. ನುಣುಪಾದ ನೆನಪನ್ನು ಕಂಡರೆ ನನಗೆ ಅನುಮಾನ. ಹಾಗಾಗಿ ಈ ಸಲ ಬರೆದಿಡುವಾಗ ಗೊತ್ತಿರುವುದನ್ನು ಗೊತ್ತು ಎಂದೂ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೂ ಹೇಳಿಬಿಡುತ್ತೇನೆ. ನಾವು ಹೋದ ದೋಣಿಯ ಬಣ್ಣ ನೀಲಿ. ಅಕ್ಕನನ್ನು ಕೇಳಿದರೆ ಹಸಿರು ಎನ್ನುತ್ತಾಳೆ. ನೋಡಿ, ಮೊದಲ ಹೆಜ್ಜೆಯಲ್ಲೇ ಜಗಳ.

ನಮ್ಮದು ಗದಗಿನ ಕಡೆಯ ಮನೆತನ. ಅಪ್ಪ ಬ್ಯಾಂಕಿನಲ್ಲಿ ಮ್ಯಾನೇಜರ್. ಬ್ಯಾಂಕಿನವರು ಕೆಲವು ವರ್ಷಕ್ಕೊಮ್ಮೆ ಅವನನ್ನು ಒಂದು ಊರಿನಿಂದ ಎತ್ತಿ ಇನ್ನೊಂದು ಊರಿನಲ್ಲಿ ಇಡುತ್ತಿದ್ದರು. ಹಾಗೆ ಇಡುತ್ತ ಇಡುತ್ತ ಎಂಬತ್ತರ ದಶಕದ ನಡುವಿನಲ್ಲಿ ನಾವು ವಿಶಾಖಪಟ್ಟಣದ ಎಂವಿಪಿ ಕಾಲೋನಿಗೆ ಬಂದು ಬಿದ್ದೆವು. ಆಗ ಅಲ್ಲಿ ಇಷ್ಟು ಕಟ್ಟಡಗಳಿರಲಿಲ್ಲ. ಮಾಳಿಗೆ ಹತ್ತಿದರೆ ಸಮುದ್ರದ ಗಾಳಿ ನೇರವಾಗಿ ಮುಖಕ್ಕೆ ಬಡಿಯುತ್ತಿತ್ತು. ಒಣಹಾಕಿದ ಬಟ್ಟೆಯೆಲ್ಲ ಉಪ್ಪುಪ್ಪು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ನಾನು ಗೋಲಿ ಆಡುತ್ತಿದ್ದುದು, ಬೈಯುತ್ತಿದ್ದುದು, ಬಹುಶಃ ಕನಸು ಕಾಣುತ್ತಿದ್ದುದೂ ತೆಲುಗಿನಲ್ಲೇ. ಊಟದ ಹೊತ್ತಿನಲ್ಲಿ ಒಂದು ತೆಲುಗು ಪದ ಜಾರಿದರೂ ಅಪ್ಪ ತುತ್ತನ್ನು ಅಲ್ಲಿಯೇ ನಿಲ್ಲಿಸಿ, ಅದರ ಕನ್ನಡ ಹೇಳಿಸಿ, ಆಮೇಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಊರಿಗೆ ಹೋದಾಗ ಮಕ್ಕಳು ಅಜ್ಜಿಯ ಮುಂದೆ ಮೂಕರಾಗಿ ನಿಲ್ಲಬಾರದು ಎಂಬುದು ಅವನ ಚಿಂತೆ.

ಅಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಅಪ್ಪನ ವರ್ಗಾವಣೆಗಳಿಂದಾಗಿ ಹತ್ತನೆಯ ತರಗತಿ ಮುಗಿಸುವಷ್ಟರಲ್ಲಿ ಊರೂರಿನ ಶಾಲೆ ಕಂಡಿದ್ದಳು. ಇನ್ನಾದರೂ ಒಂದೇ ಕಡೆ ನಿಂತು ಓದಲಿ, ಡಾಕ್ಟರಾಗಲಿ ಎಂದು ಅಪ್ಪ ಅವಳನ್ನು ವಿಜಯವಾಡದ ಒಂದು ಹಾಸ್ಟೆಲ್ ಕಾಲೇಜಿಗೆ ಸೇರಿಸಿದ. ಆ ಕಾಲಕ್ಕೆ ಆಂಧ್ರದ ಮೂಲೆಮೂಲೆಯಿಂದ ಮಕ್ಕಳನ್ನು ಅಂಥ ಕಾಲೇಜುಗಳಿಗೆ ತಂದು ಬಿಡುತ್ತಿದ್ದರು. ಬಿಡಲು ಹೋದಾಗ ನಾನೂ ಜೊತೆಗಿದ್ದೆ. ಬೆಂಜ್ ಸರ್ಕಲ್ಲಿನಲ್ಲಿ ಆಟೋ ತಿರುಗಿ, ಲಾರಿಗಳ ಹೊಗೆ ದಾಟಿ, ಒಂದು ಕಾಲುವೆಯ ಪಕ್ಕದ ಎತ್ತರದ ಕಟ್ಟಡದ ಮುಂದೆ ನಿಂತಿತು. ಗೋಡೆ ಮುಟ್ಟಿದರೆ ಕೈ ಸುಡುವಂಥ ಬಿಸಿಲು. ಎಲ್ಲ ಕಿಟಕಿಗಳಿಗೂ ಸರಳು, ಸರಳಿನ ಹಿಂದೆ ತಂತಿಯ ಜಾಳಿಗೆ. ತಂದೆತಾಯಿಗಳು ಗೇಟಿನ ಪಕ್ಕದ ಕೋಣೆಯವರೆಗೆ ಮಾತ್ರ ಹೋಗಬಹುದಿತ್ತು. ಅಕ್ಕ ತಗಡಿನ ಟ್ರಂಕು ಹಿಡಿದು ಮೆಟ್ಟಿಲು ಹತ್ತಿ ಮರೆಯಾದದ್ದನ್ನು ಕೆಳಗಿನಿಂದ ನೋಡಿದೆವು. ಅಪ್ಪ ವಾಪಸು ರೈಲಿನ ಗಡಿಬಿಡಿಯಲ್ಲಿ ಮುಂದೆ ಮುಂದೆ ನಡೆದ. ನಾನು ಹಿಂದೆ ಉಳಿದು ಕಾಲುವೆಯನ್ನು ನೋಡಿದೆ. ನೀರು ಎಲ್ಲಿಯೂ ಕಾಣಲಿಲ್ಲ. ಈ ದಡದಿಂದ ಆ ದಡದವರೆಗೆ ದಪ್ಪನೆಯ ಹಸಿರು ಎಲೆ, ಅಲ್ಲಲ್ಲಿ ನೇರಳೆ ಹೂವು. ಅಕ್ಕನ ಕೋಣೆಯ ಕಿಟಕಿ ಆ ಕಾಲುವೆಯ ಕಡೆಗೇ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ.

ದೀಪಾವಳಿಯ ರಜೆಗೆ ಮನೆಗೆ ಬಂದವಳು ಮೊದಲಿನ ಅಕ್ಕನಾಗಿರಲಿಲ್ಲ. ಬೆಳಗಿನ ಜಾವ ಯಾರೂ ಕರೆಯದಿದ್ದರೂ ಧಡಕ್ಕನೆ ಎದ್ದು ಕೂರುತ್ತಿದ್ದಳು. ನಮ್ಮ ಊಟ ಅರ್ಧವಾಗುವುದರೊಳಗೆ ತಟ್ಟೆ ಖಾಲಿ ಮಾಡಿ ಎದ್ದುಬಿಡುತ್ತಿದ್ದಳು, ಹಿಂದೆ ಯಾರೋ ನಿಂತು ಅವಸರ ಮಾಡುತ್ತಿದ್ದಾರೆ ಎಂಬಂತೆ. ತಿರುಗಿ ಹೋಗುವುದಿಲ್ಲ ಎಂದು ಅವ್ವನಿಗೆ ಹೇಳಿದಳು. ಅವ್ವ ಅಪ್ಪನಿಗೆ ಹೇಳಿದಳು.

ಅಪ್ಪನಿಗೆ ಒಂದು ಅಭ್ಯಾಸವಿತ್ತು. ಕೇಳಲು ಇಷ್ಟವಿಲ್ಲದ ಮಾತು ಬಂದರೆ ಸಿಟ್ಟಾಗುತ್ತಿರಲಿಲ್ಲ, ವಾದಕ್ಕೂ ಇಳಿಯುತ್ತಿರಲಿಲ್ಲ. ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದುಬಿಡುತ್ತಿದ್ದ. ಸಮುದ್ರದ ದಂಡೆಯವರೆಗೆ ಹೋಗಿ ಬರುತ್ತಿದ್ದ. ಬರುವಷ್ಟರಲ್ಲಿ ಮಾತು ಆರಿಹೋಗಿರುತ್ತಿತ್ತು. ಆ ರಜೆಯಲ್ಲಿ ಅಪ್ಪ ಬಹಳ ನಡೆದ.

ಅಷ್ಟರಲ್ಲಿ ಕಾರ್ತಿಕ ಮಾಸ ಬಂತು. ಆ ಕಡೆಯವರು ಕಾರ್ತಿಕದ ವನಭೋಜನವನ್ನು ಬಿಡುವುದಿಲ್ಲ. ತೋಟದಲ್ಲೋ ಕೆರೆಯ ಬಳಿಯಲ್ಲೋ ಒಂದು ನೆಲ್ಲಿಮರ ಹುಡುಕಿ, ಅದಕ್ಕೆ ಪೂಜೆ ಮಾಡಿ, ಅದರ ನೆರಳಿನಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಆ ವರ್ಷ ಬ್ಯಾಂಕಿನ ಮನೆಗಳೆಲ್ಲ ಸೇರಿ ಊರ ಹೊರಗೆ, ಗುಡ್ಡಗಳ ನಡುವಿನ ಕೆರೆಯ ಉದ್ಯಾನಕ್ಕೆ ಹೋಗುವುದೆಂದಾಯಿತು. ಶನಿವಾರ ಸಂಜೆ ಹೋಗಿ ಡೇರೆ ಹಾಕಿ ಮಲಗುವುದು, ಭಾನುವಾರ ಊಟ ಮುಗಿಸಿ ಮರಳುವುದು. ಅಕ್ಕನ ರೈಲು ಇದ್ದದ್ದೂ ಅದೇ ಭಾನುವಾರ, ಇಳಿಹೊತ್ತಿಗೆ. ಸೋಮವಾರ ಬೆಳಿಗ್ಗೆ ಕಾಲೇಜಿನಲ್ಲಿ ಪರೀಕ್ಷೆ. ಅದಕ್ಕೆ ಬಾರದವರ ಸೀಟು ಹೋಗುತ್ತದೆ ಎಂದು ಮೊದಲೇ ಹೇಳಿ ಕಳಿಸಿದ್ದರು. ಅಪ್ಪ ಯಾವ ರೈಲನ್ನೂ ತಪ್ಪಿಸಿಕೊಂಡವನಲ್ಲ. ಬೇಗ ಹೋಗಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ರೈಲಿಗೇ ದಾರಿ ಕಾಯುವವನು. ಕೆರೆಯಿಂದ ನೇರವಾಗಿ ಸ್ಟೇಷನ್ನಿಗೆ ಹೋಗಿ, ತಾನೇ ವಿಜಯವಾಡಕ್ಕೆ ಬಿಟ್ಟುಬರುತ್ತೇನೆ ಎಂದ. ಹೀಗಾಗಿ ಅಕ್ಕನ ಟ್ರಂಕು ಕೂಡ ನಮ್ಮ ಜೊತೆ ವನಭೋಜನಕ್ಕೆ ಬಂತು.

ಕೆರೆಯ ಮೂರು ಬದಿಗೆ ಗುಡ್ಡ, ಒಂದು ಬದಿಗೆ ಕಲ್ಲಿನ ಏರಿ. ಶಾಮಿಯಾನದ ಬಟ್ಟೆ ಕಟ್ಟಿ ಮಾಡಿದ ಡೇರೆಗಳು, ಒಳಗೆ ಜಮಖಾನ, ಜಮಖಾನದ ಕೆಳಗೆ ಚುಚ್ಚುವ ಹುಲ್ಲು. ಪೆಟ್ರೊಮ್ಯಾಕ್ಸ್ ದೀಪದ ಸುಯ್ ಎನ್ನುವ ಸದ್ದು, ಸೀಮೆಎಣ್ಣೆಯ ವಾಸನೆ, ಇಸ್ಪೀಟು ಆಡುವ ದೊಡ್ಡವರ ನಗು. ಗಾಳಿಗೆ ಬಟ್ಟೆ ಹಾರದಿರಲೆಂದು ನಮ್ಮ ಡೇರೆಯ ಬಾಗಿಲಿಗೆ ಅಕ್ಕನ ಟ್ರಂಕನ್ನೇ ಅಡ್ಡ ಇಟ್ಟಿದ್ದರು. ಹೊರಗೆ ಹೋಗಲಿಕ್ಕೂ ಒಳಗೆ ಬರಲಿಕ್ಕೂ ಅದನ್ನು ದಾಟಬೇಕು. ನಾವೆಲ್ಲ ದಾಟಿದೆವು. ಅಕ್ಕ ಮಾತ್ರ ಹಿಂಬದಿಯ ಬಟ್ಟೆ ಎತ್ತಿ ನುಸುಳುತ್ತಿದ್ದಳು. ಅವಳ ಲಂಗಕ್ಕೆಲ್ಲ ಹುಲ್ಲಿನ ಮುಳ್ಳು ಅಂಟಿತ್ತು.

ಬೆಳಿಗ್ಗೆ ಕೆರೆಯ ಮೇಲಿನ ಮಂಜು ಕರಗುವುದರೊಳಗೆ ಕಲ್ಲಿನ ಒಲೆಗಳು ಹೊತ್ತಿಕೊಂಡವು. ಪುಳಿಹೋರಕ್ಕೆ, ಅಂದರೆ ಆ ಕಡೆಯ ಪುಳಿಯೋಗರೆಗೆ, ಹುಣಸೆಹಣ್ಣು ಕುದಿಯುತ್ತಿತ್ತು. ಅವ್ವ ಒಂದು ಮೂಲೆಯಲ್ಲಿ ಕೂತು ಶೇಂಗಾ ಹೋಳಿಗೆ ಬೇಯಿಸುತ್ತಿದ್ದಳು. ಎಲ್ಲದರ ಮೇಲ್ವಿಚಾರಣೆ ಹೆಡ್ ಕ್ಯಾಷಿಯರರ ತಾಯಿಯದು. ಅವರನ್ನು ಎಲ್ಲರೂ ಮಾಮ್ಮಗಾರು ಎನ್ನುತ್ತಿದ್ದರು, ಅಂದರೆ ಅಜ್ಜಿಯವರು. ಸಣ್ಣ ದೇಹ, ದೊಡ್ಡ ದನಿ. ಹೋಳಿಗೆಯ ಕಡೆ ಕೈ ಚಾಚಿದ ನಮ್ಮನ್ನು ಹಿಡಿದು ನಿಲ್ಲಿಸಿ ವನಭೋಜನದ ಕಟ್ಟಳೆ ಹೇಳಿದರು. ಎಲ್ಲರೂ ಕೂರುವವರೆಗೆ ಒಬ್ಬರೂ ಬಾಯಿಗೆ ಹಾಕುವಂತಿಲ್ಲ. ಕೂತ ಮೇಲೆ ನಡುವೆ ಒಬ್ಬರೂ ಏಳುವಂತಿಲ್ಲ. ಪಂಕ್ತಿಯ ಮೊದಲ ಎಲೆಯವರು ಊಟ ಮುಗಿಸಿ ಎಲೆ ಮಡಚಿದ ಮೇಲೆಯೇ ಉಳಿದವರು ಎಲೆ ಮಡಚಬೇಕು. ಮೊದಲ ಎಲೆ ಮ್ಯಾನೇಜರರದು, ಅಂದರೆ ನಮ್ಮ ಅಪ್ಪನದು.

ಊಟಕ್ಕೆ ಇನ್ನೂ ಹೊತ್ತಿದೆ ಎಂದು ಅಪ್ಪ ನಮ್ಮಿಬ್ಬರನ್ನು ದೋಣಿಗೆ ಕರೆದ. ಕಾಲಿನಿಂದ ತುಳಿಯುವ ತಗಡಿನ ದೋಣಿ ಅದು. ಮುಂದಿನ ಸೀಟಿನಲ್ಲಿ ಇಬ್ಬರು ಕೂತು ಸೈಕಲ್ಲಿನ ಹಾಗೆ ತುಳಿಯಬೇಕು. ಹಿಂದಿನ ಸೀಟು ಬೆನ್ನು ತಿರುಗಿಸಿ ಕೂರುವಂಥದು. ಅಪ್ಪ, ಅಕ್ಕ ಮುಂದೆ, ನಾನು ಹಿಂದೆ. ಅವರಿಗೆ ಮುಂದಿನದು ಕಾಣುತ್ತಿತ್ತು, ನನಗೆ ಬಿಟ್ಟುಬಂದದ್ದು ಮಾತ್ರ. ಈ ಕಥೆಯಲ್ಲಿ ಅವರಿಬ್ಬರ ಮುಖ ಹೇಗಿತ್ತು ಎಂದು ನಾನು ಎಲ್ಲಿಯಾದರೂ ಬರೆದರೆ ನಂಬಬೇಡಿ. ನನಗೆ ಕಂಡದ್ದು ಚಿಕ್ಕದಾಗುತ್ತ ಹೋದ ದಡ, ಬಣ್ಣಬಣ್ಣದ ಸೀರೆಗಳು, ಒಲೆಯ ಹೊಗೆ, ನೆಲ್ಲಿಮರದ ಬುಡದಲ್ಲಿ ಬಿಸಿಲಿಗೆ ಮಿಂಚುತ್ತಿದ್ದ ಟ್ರಂಕು.

ಸ್ವಲ್ಪ ದೂರ ಹೋದ ಮೇಲೆ ಅಪ್ಪನ ದನಿ ಕೇಳಿತು.

"ಅಲ್ನೋಡ್ರಿ, ನಡುಗಡ್ಡಿ. ಎಷ್ಟ್ ಚಂದ ಹಸರ ಐತಿ. ಅಲ್ಲೆ ಇಳದು ಕುಂತು ಮಾತಾಡೂನು."

ಅಕ್ಕ ಏನೂ ಹೇಳಲಿಲ್ಲ.

"ಹಕ್ಕಿ ಅಡ್ಡಾಡಾಕತ್ತಾವು ನೋಡು. ಹಕ್ಕಿ ನಡೀತಾವಂದ್ರ ನೆಲ ಗಟ್ಟಿ ಐತಿ ಅಂದಂಗ."

ಅಪ್ಪನ ತಪ್ಪು ಏನೆಂದು ನಿಮಗೆ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನೀವು ಅವನನ್ನು ದಡ್ಡ ಎಂದುಕೊಳ್ಳುತ್ತೀರಿ. ಗದಗಿನ ಕಡೆ ಕೆರೆ ಎಂದರೆ ವರ್ಷದ ಅರ್ಧ ಭಾಗ ಬರೀ ನೆಲ. ಬೇಸಿಗೆಯಲ್ಲಿ ಅದರೊಳಗೆ ಎಮ್ಮೆ ಮೇಯುತ್ತವೆ, ಹುಡುಗರು ಲಗೋರಿ ಆಡುತ್ತಾರೆ. ಎರೆಮಣ್ಣಿನ ಸೀಮೆಯಲ್ಲಿ ಬೆಳೆದವನಿಗೆ ಹಸಿರು ಕಂಡರೆ ಅದರ ಕೆಳಗೆ ಮಣ್ಣಿದೆ ಎಂದೇ ಅರ್ಥ. ನೀರಿನ ಮೇಲೆ ನೀರನ್ನೇ ಉಂಡು ಬೆಳೆಯುವ ಹಸಿರು ಅವನಿಗೆ ಗೊತ್ತೇ ಇರಲಿಲ್ಲ. ಅಂತರಗಂಗೆ ಎನ್ನುತ್ತಾರೆ ಅದಕ್ಕೆ. ಉದ್ದ ಬೆರಳಿನ ಆ ಕಂದು ಹಕ್ಕಿಗಳು ಅದರ ಎಲೆಗಳ ಮೇಲೆಯೇ ನಡೆದಾಡುತ್ತವೆ.

ದೋಣಿ ಆ ಹಸಿರಿನೊಳಗೆ ಸರಸರ ಎಂದು ನುಗ್ಗಿತು. ಎರಡೂ ಬದಿಗೆ ದಪ್ಪ ಎಲೆಗಳು, ನೇರಳೆ ಹೂವು, ಕೊಳೆತ ಬೇರಿನ ವಾಸನೆ. ಅಪ್ಪ ಎದ್ದು ನಿಂತು ಒಂದು ಕಾಲನ್ನು ಹೊರಗಿಟ್ಟ. ಆಮೇಲಿನದನ್ನು ನಾನು ತಿರುಗಿ ನೋಡಿದೆ. ಅಪ್ಪನ ಕಾಲು ತೊಡೆಯವರೆಗೆ ಎಲೆಗಳ ನಡುವೆ ಮಾಯವಾಗಿತ್ತು. ಅಕ್ಕ ಅವನ ಅಂಗಿ ಹಿಡಿದು ಎಳೆದಳು. ದೋಣಿ ಹೊಯ್ದಾಡಿತು. ಕಾಲು ಮೇಲೆ ಬಂತು, ಚಪ್ಪಲಿ ಬರಲಿಲ್ಲ.

ಆಮೇಲೆ ಇಬ್ಬರೂ ತುಳಿದರು. ಮುಂದಕ್ಕೆ ತುಳಿದರು, ಹಿಂದಕ್ಕೆ ತುಳಿದರು. ದೋಣಿಯ ಕೆಳಗಿನ ಚಕ್ರಕ್ಕೆ ಬೇರುಗಳು ಸುತ್ತಿಕೊಂಡು, ಕೊನೆಗೆ ಪೆಡಲು ಕಲ್ಲಿನ ಹಾಗೆ ನಿಂತಿತು. ಅಪ್ಪ ಬಗ್ಗಿ ಕೈಯಿಂದ ಕಿತ್ತ. ಕಿತ್ತಷ್ಟೂ ಬೇರು ಬಂತು, ಕಪ್ಪಗೆ, ಒದ್ದೆ ಜಡೆಯ ಹಾಗೆ. ಒಂದು ಸಲ ದಡದ ಕಡೆ ಕೈಬಾಯಿ ಮಾಡಿ ಕೂಗಿದ. ಅಲ್ಲಿ ಧ್ವನಿವರ್ಧಕದಲ್ಲಿ ಹಾಡು ಹಾಕಿದ್ದರು. ಎರಡನೆಯ ಸಲ ಕೂಗಲಿಲ್ಲ. ಮ್ಯಾನೇಜರ್ ಆದವನು ತನ್ನ ಸಿಬ್ಬಂದಿಯ ಎದುರು ಅರಚಿಕೊಳ್ಳುವುದು ಹೇಗೆ ಎಂದಿರಬಹುದು. ನನಗೆ ಗೊತ್ತಿಲ್ಲ. ನನಗೆ ನೆನಪಿರುವುದು ಬಿಸಿಯಾಗುತ್ತಿದ್ದ ತಗಡು, ತೊಡೆಗೆ ಅಂಟುತ್ತಿದ್ದ ಚಡ್ಡಿ, ಎತ್ತ ನೋಡಿದರೂ ಅಲುಗಾಡದ ಹಸಿರು. ನೀರಿನ ನಡುವೆ ಕೂತಿದ್ದೆವು, ಆದರೆ ಕುಡಿಯಲು ನೀರಿರಲಿಲ್ಲ. ನೆಲದಂತೆ ಕಾಣುತ್ತಿತ್ತು, ಇಳಿಯುವಂತಿರಲಿಲ್ಲ.

ಸುಮ್ಮನಿದ್ದು ಸಾಕಾಗಿ ಅಪ್ಪ ತಾನು ಹೇಳಬೇಕೆಂದಿದ್ದನ್ನು ಶುರುಮಾಡಿದ. "ನೋಡವ್ವಾ, ಎರಡ ವರ್ಷದ ಮಾತು. ಹಲ್ಲ ಕಚ್ಚಿ ಹಿಡದ್ರ ಮುಗೀತು." ತಾನು ಓದಲಾಗದೆ ಬಿಟ್ಟದ್ದನ್ನು ಹೇಳಿದ. ಊರೂರು ಅಲೆದು ಮಕ್ಕಳಿಗೆ ಒಂದು ಶಾಲೆಯೂ ದಕ್ಕದಂತಾಯಿತಲ್ಲ ಎಂಬ ತನ್ನ ಸಂಕಟ ಹೇಳಿದ. ಅದೆಲ್ಲ ಸುಳ್ಳಾಗಿರಲಿಲ್ಲ. ಅವನ ದನಿಯಲ್ಲಿ ನನಗೆ ಅದು ಗೊತ್ತಾಗುತ್ತಿತ್ತು.

ಅವನು ಮುಗಿಸುವವರೆಗೆ ಅಕ್ಕ ಕಾದಳು.

"ನಾ ಓದೂದಿಲ್ಲ ಅನ್ನಾಕತ್ತಿಲ್ಲಪ್ಪಾ. ಅಲ್ಲೆ ಇರೂದಿಲ್ಲ ಅನ್ನಾಕತ್ತೇನಿ."

ಆಗ ನನ್ನ ಬೆನ್ನ ಹಿಂದೆ ಒಂದು ಸಣ್ಣ ಸದ್ದಾಯಿತು. ತಗಡಿನ ಮೇಲೆ ಬರಿಗಾಲು ಸವರಿದ ಸದ್ದು. ಅಪ್ಪನ ಕಾಲು ಚಪ್ಪಲಿ ಹುಡುಕುತ್ತಿತ್ತು. ಅವನಿಗೇ ತಿಳಿಯದೆ, ಅಭ್ಯಾಸದಿಂದ. ಸ್ವಲ್ಪ ಹೊತ್ತು ಅತ್ತಿತ್ತ ಆಡಿ, ಸದ್ದು ನಿಂತಿತು. ಎದ್ದುಹೋಗಲು ಬಾಗಿಲಿರಲಿಲ್ಲ, ಸಮುದ್ರದ ದಂಡೆ ಇರಲಿಲ್ಲ, ಚಪ್ಪಲಿಯೂ ಕೆರೆಯ ತಳದಲ್ಲಿತ್ತು.

ಅಕ್ಕ ಹೇಳತೊಡಗಿದಳು. ಅಳಲಿಲ್ಲ. ಪಾಠ ಒಪ್ಪಿಸುವ ಹಾಗೆ ಒಂದೊಂದೇ ಹೇಳಿದಳು. ನಸುಕಿನ ಗಂಟೆ, ಹಲ್ಲುಜ್ಜುವ ಸಾಲಿನಲ್ಲಿಯೂ ಕೈಯಲ್ಲಿ ಪುಸ್ತಕ. ಉಣ್ಣುವಾಗ ಬೆನ್ನ ಹಿಂದೆ ವಾರ್ಡನ್ ನಿಂತು, ಬೇಗ ಬೇಗ ಎನ್ನುವುದು. ಮಾರ್ಕು ಕಡಿಮೆ ಬಂದವರು ಮಂಚ ಬಿಟ್ಟು ಕೊನೆಯ ಕೋಣೆಯಲ್ಲಿ ನೆಲದ ಮೇಲೆ ಮಲಗಬೇಕು. ಅವಳು ಅಲ್ಲಿ ಮಲಗಿದ್ದಳು. ಪಕ್ಕದ ಹುಡುಗಿ ನಿದ್ದೆಯಲ್ಲಿ ಸೂತ್ರಗಳನ್ನು ಹೇಳುತ್ತ ನಡುಗುವುದು. ಮನೆಗೆ ಬರೆಯುವ ಕಾಗದವನ್ನು ಅವರು ಮೊದಲು ಓದಿ ಆಮೇಲೆ ಅಂಚೆಗೆ ಹಾಕುವುದು.

"ಕಿಟಕಿ ಅದಾವು. ತೆಗಿಯಾಕ ಬರಂಗಿಲ್ಲ" ಎಂದಳು. ಆಮೇಲೆ, "ಅಲ್ಲೆ ಊಪಿರಿ ಆಡೂದಿಲ್ಲಪ್ಪಾ" ಎಂದಳು.

ಊಪಿರಿ ತೆಲುಗು ಪದ. ಉಸಿರು ಎನ್ನಬೇಕಿತ್ತು. ಅಪ್ಪ ಈಗ ತಿದ್ದುತ್ತಾನೆ ಎಂದು ನಾನು ಕಾದೆ. ಅಪ್ಪ ತಿದ್ದಲಿಲ್ಲ.

"ನನ್ನ ಮುಂದ ಯಾಕ ಹೇಳಲಿಲ್ಲ ಮತ್ತ?" ಎಂದ.

"ಕೇಳಾಕ ನೀ ಎಲ್ಲೆ ನಿಂತಿದ್ದಿ?"

ನಾನು ಅವರಿಬ್ಬರಿಗೆ ಬೆನ್ನು ಕೊಟ್ಟು, ಆ ಮಾತುಗಳಿಂದ ಎದ್ದುಹೋಗಲಾರದೆ, ಕಿವಿ ಮುಚ್ಚಿಕೊಳ್ಳಲೂ ನಾಚಿಕೆಯಾಗಿ ಕೂತಿದ್ದೆ. ಅಕ್ಕ ನೆಲದ ಮೇಲೆ ಮಲಗಿದ್ದು ನನಗೆ ಗೊತ್ತಿರಲಿಲ್ಲ. ಅವಳ ಮಂಚ ಖಾಲಿಯಾಯಿತೆಂದು ಮನೆಯಲ್ಲಿ ನಾನು ಕುಣಿದಿದ್ದೆ.

ಈಗ ನೀವು ಪ್ರತಿ ಸಲ ನಗುವ ಭಾಗ. ತಡೆಯಲಾರದೆ ನಾನು ಹೇಳಿಬಿಟ್ಟೆ: "ಅಪ್ಪಾ, ನನಗ ಒಂದಕ್ಕ ಬಂದೈತಿ."

"ಎದ್ದ ನಿಂತು ಅಲ್ಲೇ ಮಾಡು. ಕೆರಿ ಏನ್ ಕೋಡಿ ಬೀಳೂದಿಲ್ಲ" ಎಂದ ಅಪ್ಪ.

ಅಕ್ಕ ನಕ್ಕಳು. ರಜೆಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು ಎಂದು ಹಿಂದಿನ ಸಲ ಹೇಳಿದ್ದೆ. ಅದು ಕಥೆಗಾಗಿ ಸೇರಿಸಿದ ಮಾತಿರಬಹುದು. ನಕ್ಕಳು, ಅಷ್ಟು ನಿಜ.

ಹಾಗೆ ಎದ್ದು ನಿಂತಾಗಲೇ ನನಗೆ ಕಂಡದ್ದು: ನೆಲ್ಲಿಮರ ತನ್ನ ಜಾಗದಲ್ಲಿ ಇರಲಿಲ್ಲ. ಅದರ ಹಿಂದಿನ ಗುಡ್ಡದ ಬೋಳು ಬಂಡೆಯಿಂದ ಅದು ಪಕ್ಕಕ್ಕೆ ಸರಿದಿತ್ತು. ಹೊತ್ತು ಏರಿದಂತೆ ಸಮುದ್ರದ ಗಾಳಿ ಗುಡ್ಡಗಳ ಕಣಿವೆಯಿಂದ ಒಳಗೆ ಬೀಸತೊಡಗಿತ್ತು. ಅಂತರಗಂಗೆಯ ದಪ್ಪ ಎಲೆಗಳು ಒಂದೊಂದೂ ಸಣ್ಣ ಹಾಯಿಯ ಹಾಗೆ ಗಾಳಿ ಹಿಡಿದಿದ್ದವು. ಮರ ಸರಿಯುತ್ತಿರಲಿಲ್ಲ, ನಾವು ಸರಿಯುತ್ತಿದ್ದೆವು. ಹೇಳಿದರೆ ಅಪ್ಪ ನಂಬಲಿಲ್ಲ. "ನಡುಗಡ್ಡಿ ಎಲ್ಲೆರ ನಡೀತೈತೇನೋ" ಎಂದ. ಆದರೆ ಅದು ನಡೆಯಿತು. ನಿಧಾನಕ್ಕೆ, ಎಮ್ಮೆ ಮನೆಗೆ ನಡೆಯುವ ಹಾಗೆ, ಇಡೀ ಹಸಿರು ರಾಶಿ ತನ್ನ ಹಕ್ಕಿ, ಹೂವು, ನಮ್ಮ ದೋಣಿ ಎಲ್ಲವನ್ನೂ ಹೊತ್ತು ಏರಿಯ ಕಡೆ ತೇಲಿತು. ಕಲ್ಲಿಗೆ ದೋಣಿ ತಾಗಿದಾಗ ಅಪ್ಪ ಮೊದಲು ಇಳಿದು ಎರಡೂ ಕೈ ಚಾಚಿ ನಮ್ಮನ್ನು ಇಳಿಸಿಕೊಂಡ. ಉಳಿದ ಒಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಕಾದ ಕಲ್ಲುಗಳ ಮೇಲೆ ಬರಿಗಾಲಲ್ಲಿ ಕುಂಟುತ್ತ ನಡೆದ.

ನೆಲ್ಲಿಮರದ ಕೆಳಗೆ ಎದುರುಬದುರಾಗಿ ಉದ್ದಕ್ಕೆ ಬಾಳೆಎಲೆ ಹಾಕಿ, ನೀರು ಚಿಮುಕಿಸಿ, ಎಲ್ಲರೂ ಕಾಯುತ್ತಿದ್ದರು. ಸಣ್ಣ ಮಕ್ಕಳು ಹಸಿದು ಅಳುತ್ತಿದ್ದವು. ಆದರೂ ಮಾಮ್ಮಗಾರು ಒಬ್ಬರಿಗೂ ತುತ್ತು ಎತ್ತಲು ಬಿಟ್ಟಿರಲಿಲ್ಲ. ಅವ್ವ ಏನೂ ಕೇಳದೆ ಅಕ್ಕನಿಗೆ ನೀರು ಕೊಟ್ಟಳು. ನಮ್ಮನ್ನು ಕರೆತಂದಿದ್ದ ವ್ಯಾನಿನ ಡ್ರೈವರ್ ಟ್ರಂಕನ್ನು ಮರದ ಬುಡದಿಂದ ಎತ್ತಿ ಗಾಡಿಯ ಬಾಗಿಲ ಬಳಿ ಇಟ್ಟುಕೊಂಡು ನಿಂತಿದ್ದ. ಬೇಗ ಉಂಡರೆ ಇನ್ನೂ ರೈಲು ಸಿಗುತ್ತದೆ ಎಂದು ಹೆಡ್ ಕ್ಯಾಷಿಯರ್ ಗಡಿಯಾರ ನೋಡುತ್ತ ಹೇಳಿದರು. ನಿಜವಾಗಿಯೂ ಸಿಗುತ್ತಿತ್ತು. ಅಪ್ಪ ತಲೆ ಆಡಿಸಿ, ಕೈಕಾಲು ತೊಳೆದು, ಮೊದಲ ಎಲೆಯ ಮುಂದೆ ಕೂತ. ಪಕ್ಕದಲ್ಲಿ ಅಕ್ಕನನ್ನು ಕೂರಿಸಿಕೊಂಡ.

ಅಕ್ಕ ಹಾಸ್ಟೆಲಿನ ರೂಢಿಯಂತೆ ಬಡಬಡನೆ ಉಂಡು ಕೈ ಕಟ್ಟಿ ಕೂತಳು. ಅಪ್ಪ ಪುಳಿಹೋರವನ್ನು ಒಂದೊಂದೇ ತುತ್ತು ಮಾಡಿ ಉಂಡ. ತುಂಬಿದ ಬದನೆಕಾಯಿಯನ್ನು, ನಮ್ಮ ಕಡೆಯ ಎಣ್ಣೆಗಾಯಿಯಂತೆಯೇ ಇದೆ ಎಂದು ಹೊಗಳಿ, ಮತ್ತೊಮ್ಮೆ ಹಾಕಿಸಿಕೊಂಡ. ಬೇಳೆಸಾರಿಗೆ ಅನ್ನ ಕೇಳಿದ. ಡ್ರೈವರ್ ಒಂದು ಸಲ ಹಾರ್ನ್ ಒತ್ತಿದ. ಅಪ್ಪ ಹೋಳಿಗೆ ಕೇಳಿದ. ಅವನಿಗೆ ಸಿಹಿ ಸೇರುತ್ತಿರಲಿಲ್ಲ. ಹಬ್ಬದಲ್ಲಿಯೂ ಚೂರು ಮುರಿದು ಅವ್ವನಿಗೆ ವಾಪಸು ಕೊಡುವವನು. ಅವತ್ತು ಒಂದು ಮುಗಿಸಿ ಇನ್ನೊಂದು ಎಂದ. ಬಡಿಸುತ್ತಿದ್ದ ಅವ್ವನ ಕೈ ಒಂದು ಕ್ಷಣ ನಿಂತಿತು. ಆಮೇಲೆ ಹೋಳಿಗೆಯ ಮೇಲೆ ಧಾರಾಳವಾಗಿ ತುಪ್ಪ ಸುರಿದಳು.

ಉಳಿದವರ ಊಟ ಮುಗಿದಿತ್ತು. ಕೈ ಒಣಗುತ್ತಿತ್ತು. ಆದರೆ ಮೊದಲ ಎಲೆ ಮಡಚಿರಲಿಲ್ಲ. ಹೆಡ್ ಕ್ಯಾಷಿಯರ್ ಅರ್ಧ ಎದ್ದು, "ಸಾರ್, ಟ್ರೈನು" ಎಂದರು. ಅವರ ತಾಯಿಯ ಕಣ್ಣು ಆ ಕಡೆ ತಿರುಗಿತು.

"ಮಧ್ಯಲೋ ಲೇವಕೂಡದು, ಬಾಬು" ಎಂದರು ಮಾಮ್ಮಗಾರು. ನಡುವೆ ಏಳಬಾರದಪ್ಪ ಎಂದು. ಮಗ ಕೂತರು.

ರಾತ್ರಿಯೂ ರೈಲುಗಳಿವೆಯಲ್ಲ ಎಂದು ಪಂಕ್ತಿಯಲ್ಲಿ ಯಾರೋ ಹೇಳಿದರು. ಅಪ್ಪ ಮಜ್ಜಿಗೆ ಕೇಳಿದ. ಮಜ್ಜಿಗೆಗೆ ಅನ್ನ ಸಾಲದೆಂದು ಅನ್ನ, ಅನ್ನ ಹೆಚ್ಚಾಯಿತೆಂದು ಮತ್ತೆ ಮಜ್ಜಿಗೆ. ನೆಲ್ಲಿಮರದ ಸಣ್ಣ ಎಲೆಗಳ ನೆರಳು ಜಾರಿ ಜಾರಿ ನಮ್ಮ ಎಲೆಗಳನ್ನು ಬಿಟ್ಟು ಹುಲ್ಲಿಗೆ ಹೋಯಿತು. ಅಷ್ಟು ಜನ ಒಬ್ಬ ಮನುಷ್ಯನ ಊಟದಲ್ಲಿ ಸಿಕ್ಕಿಹಾಕಿಕೊಂಡು, ಮಿಸುಕಾಡದೆ ಕೂತಿದ್ದರು. ಅಕ್ಕ ಅಪ್ಪನ ಎಲೆಯನ್ನೇ ನೋಡುತ್ತಿದ್ದಳು. ಆಮೇಲೆ ಕಟ್ಟಿದ ಕೈ ಬಿಚ್ಚಿ, ಮೆಲ್ಲಗೆ, ತನಗೂ ಒಂದು ಹೋಳಿಗೆ ಬೇಕು ಎಂದಳು. ಅದನ್ನು ಅವಳು ತಿಂದ ರೀತಿ ನನಗೆ ಈಗಲೂ ಕಾಣುತ್ತದೆ. ಅಂಚಿನಿಂದ ಮುರಿದು, ಅಗಿದು, ಮತ್ತೆ ಮುರಿದು. ಬೆನ್ನ ಹಿಂದೆ ಯಾರೂ ಇಲ್ಲದವಳ ಹಾಗೆ. ಈ ಚಿತ್ರವನ್ನು ಮಾತ್ರ ನಾನು ಅನುಮಾನಿಸುವುದಿಲ್ಲ. ಈ ಸಲ ನಾನು ಅವಳ ಎದುರಿಗೇ ಕೂತಿದ್ದೆ.

ಅಕ್ಕ ಕೊನೆಯ ಚೂರು ನುಂಗಿದ ಮೇಲೆ ಅಪ್ಪ ತನ್ನ ಎಲೆ ಮಡಚಿದ. ಡ್ರೈವರ್ ಓಡಿ ಬಂದು, ಈಗ ಸ್ಟೇಷನ್ನಿಗೆ ಹೋಗಿ ಏನು ಪ್ರಯೋಜನ, ಎಲ್ಲಿಗೆ ಬಿಡಲಿ ಎಂದು ಕೇಳಿದ.

"ಮನೆಗೆ" ಎಂದ ಅಪ್ಪ. ನಮ್ಮೆದುರು ಎಂದೂ ತೆಲುಗು ಆಡದವನು ಅದೊಂದನ್ನು ತೆಲುಗಿನಲ್ಲೇ ಹೇಳಿದ: "ಇಂಟಿಕಿ."

ಅಕ್ಕ ವಿಶಾಖಪಟ್ಟಣದಲ್ಲೇ ಕಾಲೇಜಿಗೆ ಸೇರಿದಳು. ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಡಾಕ್ಟರಾಗಲಿಲ್ಲ. ಒಂದು ವಿಮಾ ಕಚೇರಿಯಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದಳು. ಅಲ್ಲಿಯೂ ಕಿಟಕಿ ತೆಗೆಯಲು ಬರುತ್ತಿರಲಿಲ್ಲ ಎಂದು ನಗುತ್ತಾಳೆ. ಎರಡು ವಿಷಯಗಳಲ್ಲಿ ಅವಳು ನನ್ನ ಕಥೆಯನ್ನು ಒಪ್ಪುವುದಿಲ್ಲ. ದಿನವೂ ಕಾಲುವೆಯ ತುಂಬ ಅಂತರಗಂಗೆ ನೋಡುತ್ತಿದ್ದವಳು, ಅಪ್ಪ ನಡುಗಡ್ಡೆ ಎಂದಾಗ ಸುಮ್ಮನಿದ್ದದ್ದು ಬೇಕೆಂದೇ ಎಂದು ನನಗನ್ನಿಸುತ್ತದೆ. ಅವಳು ಇಲ್ಲ ಎನ್ನುತ್ತಾಳೆ. ಜಾಳಿಗೆಯಿಂದ ಏನೂ ಸರಿಯಾಗಿ ಕಾಣುತ್ತಿರಲಿಲ್ಲವಂತೆ. ಅಪ್ಪ ಬೇಕೆಂದೇ ನಿಧಾನ ಉಂಡ ಎನ್ನುತ್ತೇನೆ ನಾನು. ಅವಳು, "ಅಪ್ಪಗ ಖರೇನ ಹಸಿವಾಗಿತ್ತೋ" ಎನ್ನುತ್ತಾಳೆ. ಅಪ್ಪನನ್ನು ನಾವಿಬ್ಬರೂ ಕೇಳಲೇ ಇಲ್ಲ. ಈಗ ಕೇಳಲು ಅವನಿಲ್ಲ.

ಹೋದ ತಿಂಗಳು ನಿಮ್ಮನ್ನು ಅದೇ ಕೆರೆಗೆ ಕರೆದುಕೊಂಡು ಹೋಗಿದ್ದೆನಲ್ಲ. ಈಗ ಅಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ಹಾಕದೆ ದೋಣಿ ಹತ್ತುವಂತಿಲ್ಲ. ಹೊತ್ತು ಮುಗಿದ ಕೂಡಲೇ ಮೈಕಿನಲ್ಲಿ ದೋಣಿಯ ನಂಬರು ಕೂಗಿ ವಾಪಸು ಕರೆಯುತ್ತಾರೆ. ನೀವು ಎಲ್ಲಿದ್ದೀರಿ ಎಂದು ನಿಮ್ಮ ಅಮ್ಮ ಪರವಾಡದ ಕಾರ್ಖಾನೆಯಲ್ಲಿ ಕೂತು ಫೋನಿನಲ್ಲೇ ನೋಡುತ್ತಿದ್ದಳು. ಆ ಕೆರೆಯಲ್ಲಿ ಈಗ ಯಾರೂ ಸಿಕ್ಕಿಹಾಕಿಕೊಳ್ಳುವ ಹಾಗಿಲ್ಲ. ಒಳ್ಳೆಯದೇ. ಆದರೆ ನಮ್ಮ ಮನೆಯಲ್ಲಿ ಮಾತು ಬಂದಾಗ ಎದ್ದುಹೋಗುವುದು ಎಷ್ಟು ಸುಲಭವಾಗಿದೆ ನೋಡಿ. ಚಪ್ಪಲಿಯೂ ಬೇಡ. ಕೂತಲ್ಲಿಯೇ ಒಬ್ಬೊಬ್ಬರು ತಮ್ಮ ತಮ್ಮ ಪರದೆಯೊಳಗೆ ಹೊರಟುಹೋಗುತ್ತಾರೆ. ನಾನೂ ಹೋಗುತ್ತೇನೆ.

ನಿನ್ನೆ ಸಂಜೆ ನಿಮ್ಮಲ್ಲಿ ದೊಡ್ಡವಳು ಊಟದ ಮೇಜಿನಲ್ಲಿ, ಕ್ಲಾಸಿಗೆ ಇನ್ನೇನು ಹೊತ್ತಾಯಿತು ಎನ್ನುವಾಗ, ಟ್ಯಾಬ್ ಪಕ್ಕಕ್ಕಿಟ್ಟು ಅನ್ನದಲ್ಲಿ ಬೆರಳಾಡಿಸುತ್ತ ಕೂತಿದ್ದಳು. ಏನೋ ಹೇಳಬೇಕೆಂದು ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಅವಳ ಅಮ್ಮ ತಟ್ಟೆ ಎತ್ತಲು ಎದ್ದಳು. ನಾನು ನನ್ನ ತಟ್ಟೆ ಮುಂದೆ ಮಾಡಿ, ಇನ್ನೊಂದಿಷ್ಟು ಅನ್ನ ಹಾಕು ಎಂದೆ. ಆಮೇಲೆ ಮಜ್ಜಿಗೆ ಕೇಳಿದೆ. ನಿಮಗೆ ಶುಗರ್ ಇದೆ ಅಜ್ಜ, ಇಷ್ಟೊಂದು ಅನ್ನ ಬೇಡ ಎಂದು ನೀವೆಲ್ಲ ನನ್ನನ್ನು ಬೈದಿರಿ.

ನನಗೆ ಹಸಿವಿರಲಿಲ್ಲ.